ಚಂಡಮಾರುತದ ದಿನಗಳಲ್ಲಿ ದೂರದವರ ಚಿಂತೆ

ಮನುಷ್ಯನಿಗೆ ಒದಗುವ ಸಂಕಟಗಳಲ್ಲಿ ಎರಡು ಬಗೆಯಿದೆ. ಒಂದು, ಅವನ ಮೇಲೆಯೇ ಬಂದೆರಗುವ ಸಂಕಟ. ಇನ್ನೊಂದು, ಅವನ ಪ್ರೀತಿಪಾತ್ರರ ಮೇಲೆ ಕಣ್ಣಿಗೆ ಕಾಣದಷ್ಟು ದೂರದಲ್ಲಿ ಬಂದೆರಗುವ ಸಂಕಟ. ಮೊದಲನೆಯದರಲ್ಲಿ ಕೈಕಾಲುಗಳಿಗೆ ಕೆಲಸವಿರುತ್ತದೆ. ಬಾಗಿಲು ಭದ್ರಪಡಿಸಬಹುದು, ಮಕ್ಕಳನ್ನೆತ್ತಿಕೊಂಡು ಎತ್ತರದ ಜಾಗಕ್ಕೆ ಓಡಬಹುದು, ಮನೆಗೆ ನುಗ್ಗಿದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಹೊರಚೆಲ್ಲಬಹುದು. ಎರಡನೆಯದರಲ್ಲಿ ಕೈಕಾಲುಗಳಿಗೆ ಯಾವ ಕೆಲಸವೂ ಇಲ್ಲ. ಮನಸ್ಸೊಂದೇ ಓಡುತ್ತಿರುತ್ತದೆ. ಫೋನು ಮುಂದಿರುತ್ತದೆ, ಆದರೆ ಅದು ಮಾತಾಡುವುದಿಲ್ಲ.

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಈ ಎರಡನೆಯ ಸಂಕಟದ ರುಚಿ ಗೊತ್ತಿಲ್ಲದವರು ಕಡಿಮೆ. ಭಟ್ಕಳದಿಂದ ಉಳ್ಳಾಲದವರೆಗೆ ಯಾವ ಊರಿಗೆ ಹೋದರೂ ಮಗ ಮಸ್ಕತ್ತಿನಲ್ಲಿ, ಅಳಿಯ ಸಲಾಲಾದಲ್ಲಿ, ತಮ್ಮ ದುಬೈಯಲ್ಲಿ ಎಂಬ ಮಾತು ಕೇಳಿಬರುತ್ತದೆ. ನಮಗೂ ಅವರಿಗೂ ನಡುವೆ ಇರುವುದು ಒಂದೇ ಅರಬ್ಬಿ ಸಮುದ್ರ. ಆ ಸಮುದ್ರ ಕೆರಳಿದಾಗ ಈ ದಡದಲ್ಲಿ ಕಾಯುವವರು ಹೇಗಿರಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಶಾಂತವಾಗಿರುವ ದಿನಗಳಲ್ಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಗಾಳಿ ಎದ್ದ ಮೇಲೆ ಯೋಚಿಸಲು ಮನಸ್ಸು ಜಾಗದಲ್ಲಿರುವುದಿಲ್ಲ.

2007ರ ಗೋನು

ಅಟ್ಲಾಂಟಿಕ್ ಕಡೆಯವರು ಹರಿಕೇನ್ ಎನ್ನುವುದು, ಚೀನಾ ಜಪಾನಿನ ಕಡೆ ಟೈಫೂನ್ ಎನ್ನುವುದು, ನಾವು ಚಂಡಮಾರುತ ಎನ್ನುವುದು ಎಲ್ಲವೂ ಒಂದೇ. ಬಿಸಿಯಾದ ಸಮುದ್ರದ ಮೇಲಿನ ತೇವದ ಗಾಳಿ ಮೇಲೇರುತ್ತಾ, ಸುತ್ತಲ ಗಾಳಿಯನ್ನು ಸೆಳೆದು ಚಕ್ರದಂತೆ ತಿರುಗುವುದೇ ಅದರ ಸ್ವರೂಪ. ಅರಬ್ಬಿ ಸಮುದ್ರದಲ್ಲಿ ಇದು ಬಂಗಾಳಕೊಲ್ಲಿಯಷ್ಟು ಪದೇ ಪದೇ ಹುಟ್ಟುವುದಿಲ್ಲ. ಆದ್ದರಿಂದಲೇ ಹಿಂದಿನವರು ಅರಬ್ ರಾಷ್ಟ್ರಕ್ಕೆ ಮಕ್ಕಳನ್ನು ಕಳಿಸುವಾಗ ಬಿಸಿಲಿಗೆ ಹೆದರಿದರೇ ಹೊರತು ಮಳೆಗೆ ಹೆದರಲಿಲ್ಲ.

2007ರ ಜೂನ್ ಮೊದಲ ವಾರದಲ್ಲಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಆಗ ಎದ್ದ ಚಂಡಮಾರುತದ ಹೆಸರು ಗೋನು. ಹೆಸರನ್ನು ಕೊಟ್ಟದ್ದು ಮಾಲ್ದೀವ್ಸ್. ಅವರ ದಿವೇಹಿ ಭಾಷೆಯಲ್ಲಿ ಗೋನು ಎಂದರೆ ಗರಿಯಿಂದ ಹೆಣೆದ ಚೀಲ. ಇಷ್ಟು ಸಾಧು ಹೆಸರಿನ ಆ ಗಾಳಿ ಜೂನ್ 4ರಂದು ನಡುಸಮುದ್ರದಲ್ಲಿ ಗಂಟೆಗೆ 230 ಕಿಲೋಮೀಟರಿಗೂ ಮಿಕ್ಕಿದ ವೇಗ ಪಡೆದು, ಅರಬ್ಬಿ ಸಮುದ್ರದಲ್ಲಿ ಅಲ್ಲಿಯವರೆಗೆ ದಾಖಲಾದವುಗಳಲ್ಲೇ ಅತ್ಯಂತ ಪ್ರಬಲವಾದುದೆನಿಸಿತು. ಒಮಾನಿನ ಪೂರ್ವ ತುದಿಯಾದ ರಾಸ್ ಅಲ್ ಹದ್ದ್ ತಲಪುವಾಗ ಅದರ ವೇಗ ಸಾಕಷ್ಟು ತಗ್ಗಿತ್ತು. ಆದರೆ ಅದು ಹೊತ್ತು ತಂದ ನೀರು ತಗ್ಗಿರಲಿಲ್ಲ. ಸೂರ್, ಖುರ್ಯಾತ್, ಮಸ್ಕತ್ ಸುತ್ತಮುತ್ತ ಒಣಗಿ ಬಿದ್ದಿದ್ದ ವಾದಿಗಳೆಲ್ಲ, ಅಂದರೆ ಬೆಟ್ಟಗಳ ನಡುವಿನ ಒಣಹಳ್ಳಗಳೆಲ್ಲ, ಒಮ್ಮೆಲೇ ನದಿಗಳಾದವು. ರಸ್ತೆಗಳು ಕಿತ್ತುಹೋದವು, ವಾಹನಗಳು ತೇಲಿದವು. ಸುಮಾರು 50 ಮಂದಿ ಪ್ರಾಣ ಕಳಕೊಂಡರು. ಆಸ್ತಿಪಾಸ್ತಿಯ ನಷ್ಟ ನಾನ್ನೂರು ಕೋಟಿ ಡಾಲರಿನಷ್ಟಾಯಿತು. ಬಳಿಕ ಗೋನು ಒಮಾನ್ ಕೊಲ್ಲಿಯನ್ನು ದಾಟಿ ಇರಾನಿನ ತೀರಕ್ಕೆ ಹೋಯಿತು.

ಇದಾದ ಮೇಲೆ ಬಂದದ್ದು ಇನ್ನೊಂದು ಕಷ್ಟ. ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರಗಳು ನಿಂತುಹೋಗಿ ಮಸ್ಕತ್ ನಗರದಲ್ಲಿ ಕುಡಿಯುವ ನೀರಿಗೇ ಬರ ಬಂತು. ಊರೆಲ್ಲ ನೀರು ತುಂಬಿ ಹರಿದ ಮರುದಿನ ಒಂದು ಲೋಟ ನೀರಿಗೆ ಸಾಲು ನಿಲ್ಲುವ ಸ್ಥಿತಿ! ವಿದ್ಯುತ್ತು ಇಲ್ಲ, ಎಷ್ಟೋ ಕಡೆ ಫೋನು ಇಲ್ಲ. ಈ ದಡದಲ್ಲಿ ಕಾಯುತ್ತಿದ್ದವರಿಗೆ ಇದರಲ್ಲಿ ತಿಳಿದದ್ದು ಕೊನೆಯ ಸಂಗತಿ ಮಾತ್ರ, ಅಂದರೆ ಫೋನು ಹೋಗುತ್ತಿಲ್ಲ ಎಂಬುದು. ಉಳಿದದ್ದನ್ನು ಅವರ ಮನಸ್ಸೇ ಕಟ್ಟಿಕೊಂಡಿತು.

2021ರ ಅಕ್ಟೋಬರ್ 3ರಂದು ಶಾಹೀನ್ ಎಂಬ ಚಂಡಮಾರುತ ಒಮಾನಿನ ಉತ್ತರ ತೀರದ ಬಾತಿನಾ ಪ್ರದೇಶಕ್ಕೆ ಅಪ್ಪಳಿಸಿತು. ಅದು ಬಂಗಾಳಕೊಲ್ಲಿಯಲ್ಲಿ ಹುಟ್ಟಿ ಆಂಧ್ರದ ತೀರಕ್ಕೆ ಬಡಿದು, ನಮ್ಮ ದೇಶವನ್ನೇ ಅಡ್ಡಹಾಯ್ದು, ಅರಬ್ಬಿ ಸಮುದ್ರದಲ್ಲಿ ಮತ್ತೆ ಜೀವ ಪಡೆದ ಗಾಳಿ. ಇಂತಹ ಗಾಳಿಯನ್ನು ನಾವು ಇನ್ನು ಮುಂದೆ ಅಪರೂಪವೆಂದು ಬದಿಗಿಡುವಂತಿಲ್ಲ.

ಹೆದರಿಕೆ ವಿಶ್ವಾಸದ ಕೊರತೆಯೇ?

ಇಂತಹ ಹೊತ್ತಿನಲ್ಲಿ ಅಳುವ ತಾಯಿಗೆ ಮನೆಯವರಲ್ಲೇ ಯಾರಾದರೊಬ್ಬರು ಹೇಳುವ ಮಾತೊಂದಿದೆ: ಏನಮ್ಮಾ, ನಿನಗೆ ಅಲ್ಲಾಹನ ಮೇಲೆ ಭರವಸೆ ಇಲ್ಲವೇ? ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಮಾತು ತಾಯಿಯ ಎದೆಯ ಮೇಲೆ ಎರಡನೆಯ ಕಲ್ಲನ್ನು ಹೇರುತ್ತದೆ. ಮಗನ ಚಿಂತೆ ಒಂದು ಕಡೆ, ತನ್ನ ಈಮಾನಿನಲ್ಲಿ ಏನೋ ಕೊರತೆಯಿದೆ ಎಂಬ ಅಳುಕು ಇನ್ನೊಂದು ಕಡೆ.

ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾರ(ಅ) ತಾಯಿಯ ವೃತ್ತಾಂತವನ್ನು ನಿಧಾನವಾಗಿ ಓದಿ ನೋಡಿ. ಫಿರ್‌ಔನನ ಸೈನಿಕರಿಗೆ ಹೆದರಿ ಆಕೆ ಹಸುಗೂಸನ್ನು ನದಿಗೆ ಬಿಡಬೇಕಾಗುತ್ತದೆ. ಮಗುವನ್ನು ಆಕೆಗೇ ಮರಳಿಸಲಾಗುವುದೆಂದು ಸಾಕ್ಷಾತ್ ಅಲ್ಲಾಹನೇ ಆಕೆಗೆ ಮುಂಚಿತವಾಗಿ ಮಾತು ಕೊಟ್ಟಿದ್ದಾನೆ. ನಮ್ಮಲ್ಲಿ ಯಾವ ತಾಯಿಗೂ ಅಂತಹ ಆಶ್ವಾಸನೆ ಸಿಕ್ಕಿಲ್ಲ. ಅಷ್ಟಿದ್ದರೂ ಮರುದಿನ ಬೆಳಗಾಗುವಾಗ ಆಕೆಯ ಹೃದಯ ಬರಿದಾಗಿಹೋಯಿತೆಂದೂ, ಅಲ್ಲಾಹನು ಆ ಹೃದಯವನ್ನು ಬಿಗಿಹಿಡಿಯದಿದ್ದರೆ ಆಕೆ ಗುಟ್ಟನ್ನೆಲ್ಲ ಹೊರಗೆಡಹುವುದರಲ್ಲಿದ್ದಳೆಂದೂ ಕುರ್‌ಆನ್ ತಿಳಿಸುತ್ತದೆ. ಇದನ್ನು ಹೇಳುವಾಗ ಅಲ್ಲಿ ಆಕ್ಷೇಪದ ಒಂದು ಅಕ್ಷರವೂ ಇಲ್ಲ. ದೇವವಾಗ್ದಾನ ಪಡೆದವಳ ಹೃದಯವೇ ಬರಿದಾಗಬಹುದಾದರೆ, ಗೋನುವಿನ ರಾತ್ರಿ ನಿದ್ದೆಯಿಲ್ಲದೆ ಕುಳಿತ ಭಟ್ಕಳದ ತಾಯಿಯನ್ನು ಆಕ್ಷೇಪಿಸಲು ನಾವು ಯಾರು?

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಬರಿದಾದ ಹೃದಯದೊಂದಿಗೆ ಆಕೆ ಸುಮ್ಮನೆ ಕೂರಲಿಲ್ಲ. ಮಗಳನ್ನು ಕರೆದು, ಪೆಟ್ಟಿಗೆಯ ಜಾಡು ಹಿಡಿದು ಹೋಗುವಂತೆ ಹೇಳಿದಳು. ಆ ಹುಡುಗಿ ದೂರದಿಂದಲೇ, ಯಾರಿಗೂ ಅನುಮಾನ ಬಾರದಂತೆ ನೋಡುತ್ತಾ ಹೋದಳು. ನದಿಗೆ ಅಡ್ಡ ಬಿದ್ದು ಗೋಳಾಡಲಿಲ್ಲ, ಅರಮನೆಯ ಬಾಗಿಲು ಬಡಿಯಲಿಲ್ಲ. ನೋಡಿದಳು, ನಿಂತಳು, ಸಮಯ ಬಂದಾಗ ಒಂದೇ ಒಂದು ಮಾತು ಆಡಿದಳು. ಮಗು ತಾಯಿಯ ಮಡಿಲಿಗೆ ಮರಳಿತು. ಮದ್ರಸದಲ್ಲಿ ಈ ಪಾಠ ಮಾಡುವಾಗ ಮಕ್ಕಳಿಗೆ ಹೆಚ್ಚು ಇಷ್ಟವಾಗುವುದು ಈ ಅಕ್ಕನೇ. ದೊಡ್ಡವರು ಆಕೆಯನ್ನು ಬೇಗ ಮರೆತುಬಿಡುತ್ತಾರೆ.

ಪ್ರವಾದಿವರ್ಯರ(ಸ) ಜೀವನದಲ್ಲೂ ಗಾಳಿಯ ಭಯದ ಪ್ರಸಂಗವಿದೆ. ಆಕಾಶದಲ್ಲಿ ಕಾರ್ಮೋಡ ಕವಿದು ಗಾಳಿ ಬೀಸತೊಡಗಿದರೆ ಅವರ ಮುಖದ ಬಣ್ಣ ಬದಲಾಗುತ್ತಿತ್ತು, ಮನೆಯೊಳಗೆ ಬರುವುದು, ಮತ್ತೆ ಹೊರಗೆ ಹೋಗುವುದು ಮಾಡುತ್ತಿದ್ದರು, ಮಳೆ ಸುರಿದ ಮೇಲಷ್ಟೇ ಅವರಿಗೆ ನೆಮ್ಮದಿಯಾಗುತ್ತಿತ್ತು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಕಾರಣ ಕೇಳಿದಾಗ ಅವರು ಆದ್ ಜನಾಂಗವನ್ನು ನೆನಪಿಸಿದರು. ಮಳೆ ತರುವ ಮೋಡವೆಂದು ಆ ಜನ ಸಂತೋಷಪಟ್ಟದ್ದು ಅವರ ಪಾಲಿಗೆ ನಾಶದ ಗಾಳಿಯಾಗಿತ್ತು.

ಈ ಹದೀಸನ್ನು ಹಿಡಿದುಕೊಂಡು ಕೆಲವರು ಬೇರೆಯವರ ಊರಿನಲ್ಲಿ ಬಿರುಗಾಳಿ ಎದ್ದಾಗಲೆಲ್ಲ ಇದು ಅವರ ಪಾಪಕ್ಕೆ ಬಂದ ಶಿಕ್ಷೆ ಎಂದು ತೀರ್ಪು ಕೊಡುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಪ್ರವಾದಿವರ್ಯರು(ಸ) ಹೆದರಿದ್ದು ತಮ್ಮ ನೆತ್ತಿಯ ಮೇಲಿನ ಮೋಡಕ್ಕೆ. ಬೇರೆ ಊರಿನ ಮೋಡದ ಕಡೆ ಬೆರಳು ತೋರಿಸಲಿಲ್ಲ. ಗೋನು ಬಡಿದದ್ದು ಅಝಾನ್ ಕೇಳುವ ಊರುಗಳಿಗೆ ಎಂಬುದನ್ನು ಇಂತಹ ತೀರ್ಪುಗಾರರು ಒಮ್ಮೆ ನೆನಪಿಸಿಕೊಂಡರೆ ಸಾಕು. ಗಾಳಿಯನ್ನು ಶಪಿಸಬಾರದು, ಅದರ ಒಳಿತನ್ನು ಬೇಡಬೇಕು, ಕೆಡುಕಿನಿಂದ ಅಭಯ ಯಾಚಿಸಬೇಕು ಎಂಬುದಷ್ಟೇ ನಮಗೆ ಕಲಿಸಲ್ಪಟ್ಟಿದೆ.

ಮೌನವನ್ನು ಹೇಗೆ ಓದಬೇಕು?

ಈಗ ಮುಖ್ಯ ವಿಷಯಕ್ಕೆ ಬರೋಣ. ಫೋನು ಹೋಗುತ್ತಿಲ್ಲ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಈ ಮೌನದ ಅರ್ಥವೇನು?

ಫಿಕ್ಹ್ ಗ್ರಂಥಗಳಲ್ಲಿ ಮಫ್ಕೂದ್ ಎಂಬ ಒಂದು ಅಧ್ಯಾಯವಿದೆ. ಮಫ್ಕೂದ್ ಎಂದರೆ ಕಾಣೆಯಾದವನು, ಬದುಕಿದ್ದಾನೋ ಇಲ್ಲವೋ ಎಂದು ತಿಳಿಯದವನು. ಅವನ ವಿಷಯದಲ್ಲಿ ವಿದ್ವಾಂಸರು ಹಿಡಿದ ದಾರಿ ಬಹಳ ಅರ್ಥಪೂರ್ಣ. ಖಚಿತವಾಗಿ ಗೊತ್ತಿರುವುದನ್ನು ಕೇವಲ ಸಂಶಯದಿಂದ ಅಳಿಸುವಂತಿಲ್ಲ ಎಂಬುದು ಫಿಕ್ಹ್‌ನ ಮೂಲ ನಿಯಮಗಳಲ್ಲೊಂದು. ಆತ ಹೊರಟಾಗ ಜೀವಂತನಾಗಿದ್ದ ಎಂಬುದು ಖಚಿತ. ಆತ ಸತ್ತ ಎಂಬುದು ಸಂಶಯ. ಆದ್ದರಿಂದ ಸಾಕ್ಷ್ಯ ಸಿಗುವ ತನಕ ಅವನು ಜೀವಂತನೇ. ಅವನ ಆಸ್ತಿಯನ್ನು ಹಂಚುವಂತಿಲ್ಲ, ಅವನ ಪತ್ನಿಯನ್ನು ವಿಧವೆ ಎನ್ನುವಂತಿಲ್ಲ. ಆದರೆ ಆಕೆಯನ್ನು ಕಾಲವಿಡೀ ಕಟ್ಟಿಹಾಕಬಾರದೆಂದು ಹಝ್ರತ್ ಉಮರ್(ರ)ರ ತೀರ್ಪನ್ನು ಆಧರಿಸಿ ಮಾಲಿಕೀ ವಿದ್ವಾಂಸರು ನಾಲ್ಕು ವರ್ಷಗಳ ಅವಧಿ ನಿಗದಿಪಡಿಸಿದರು. ನಮ್ಮ ದೇಶದ 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾನೂನಿನಲ್ಲೂ ಪತಿಯ ಸುಳಿವಿಲ್ಲದ ನಾಲ್ಕು ವರ್ಷಗಳ ಮಾತಿದೆ. ಇನ್ನು ದೇಶದ ಸಾಕ್ಷ್ಯ ಕಾನೂನು ಏಳು ವರ್ಷಗಳ ತನಕ ಸುದ್ದಿಯಿಲ್ಲದಿದ್ದರೆ ಮಾತ್ರ ಬದುಕಿದ್ದಾನೆಂದು ಸಾಧಿಸುವ ಹೊಣೆಯನ್ನು ಹಾಗೆ ಹೇಳುವವನ ಮೇಲೆ ಹಾಕುತ್ತದೆ. ಖಾಝಿಯೂ ನ್ಯಾಯಾಧೀಶನೂ ವರ್ಷಗಟ್ಟಲೆ ಬದುಕಿದ್ದಾನೆಂದೇ ಬಗೆಯುವ ವ್ಯಕ್ತಿಯನ್ನು ನಮ್ಮ ಮನಸ್ಸು ಏಳು ಗಂಟೆಗಳಲ್ಲಿ ಕೊಂದು ಹೂತುಬಿಡುತ್ತದೆ!

ಇದು ಬರಿಯ ಸಮಾಧಾನದ ಮಾತೆಂದು ತಿಳಿಯಬೇಡಿ. ನಡೆದ ಘಟನೆಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಆಡಳಿತಕ್ಕೊಳಪಟ್ಟ ಪೋರ್ಟೊ ರಿಕೋ ಎಂಬ ದ್ವೀಪವಿದೆ. ಅಲ್ಲಿಯ ಮೂಲದ ಜನ ದ್ವೀಪದಲ್ಲಿರುವುದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ನ್ಯೂಯಾರ್ಕ್, ಫ್ಲೋರಿಡಾ ಮುಂತಾದ ಕಡೆ ನೆಲೆಸಿದ್ದಾರೆ. ನಮ್ಮಲ್ಲಿ ದುಡಿಯುವ ಮಗ ಸಮುದ್ರದಾಚೆ, ವೃದ್ಧ ತಾಯಿತಂದೆ ಊರಲ್ಲಿ. ಅವರಲ್ಲೂ ಹಾಗೆಯೇ. ಆದರೆ ಗಾಳಿ ಬಡಿದದ್ದು ತಾಯಿತಂದೆ ಇರುವ ಕಡೆಗೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಹರಿಕೇನ್ ಆ ದ್ವೀಪವನ್ನು ತುದಿಯಿಂದ ತುದಿಗೆ ಸೀಳಿಕೊಂಡು ಹೋಯಿತು. ಇಡೀ ದ್ವೀಪದ ವಿದ್ಯುತ್ತು ಹೋಯಿತು. ಮೊಬೈಲ್ ಗೋಪುರಗಳಲ್ಲಿ ನೂರಕ್ಕೆ ತೊಂಬತ್ತೈದು ನಿಂತುಹೋದವು. ದೂರದಲ್ಲಿದ್ದ ಮಕ್ಕಳು ದಿನಗಟ್ಟಲೆ, ಕೆಲವರು ವಾರಗಟ್ಟಲೆ ತಾಯಿತಂದೆಯರ ದನಿ ಕೇಳದೆ ಕಾದರು.

ಆ ದ್ವೀಪದ ಜನಸಂಖ್ಯೆ ಆಗ 33 ಲಕ್ಷದ ಆಸುಪಾಸು. ಸತ್ತವರ ಸಂಖ್ಯೆಯನ್ನು ಮೊದಲು 64 ಎಂದು ಹೇಳಲಾಯಿತು. ಒಂದು ವಿಶ್ವವಿದ್ಯಾನಿಲಯದ ಅಧ್ಯಯನದ ಬಳಿಕ 2018ರ ಆಗಸ್ಟಿನಲ್ಲಿ ಸರಕಾರ ಅದನ್ನು 2,975ಕ್ಕೆ ಏರಿಸಿತು. ಇದು ಸಣ್ಣ ಸಂಖ್ಯೆಯಲ್ಲ, ಒಂದೊಂದು ಪ್ರಾಣವೂ ಒಂದು ಮನೆಯ ಬೆಳಕು. ಆದರೂ ಲೆಕ್ಕ ಹಾಕಿದರೆ ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಅಂದರೆ ಮಾತಾಡದೆ ಬಿದ್ದಿದ್ದ ಆ ಲಕ್ಷಾಂತರ ಫೋನುಗಳ ಪೈಕಿ ಬಹುತೇಕ ಎಲ್ಲದರ ಹಿಂದೆಯೂ ಬದುಕಿದ್ದ ಮನುಷ್ಯನೇ ಇದ್ದ. ಬಿದ್ದದ್ದು ಗೋಪುರ. ಕಾಯುವವನ ಕಿವಿಗೆ ಅದು ಮನುಷ್ಯನೇ ಬಿದ್ದಂತೆ ಕೇಳಿಸುತ್ತದೆ.

ಸಮುದ್ರಕ್ಕೆ ಹೋದವರ ವಿಷಯದಲ್ಲೂ ಇದನ್ನು ಕಂಡಿದ್ದೇವೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡುಗಳ ಸಾವಿರಾರು ಮೀನುಗಾರರು ಆಳಸಮುದ್ರದಲ್ಲಿದ್ದರು. ದಡದಲ್ಲಿ ಅವರ ಮನೆಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವಾಗ, ಒಂಬತ್ತುನೂರಕ್ಕೂ ಹೆಚ್ಚು ಮಂದಿ ದೋಣಿಸಹಿತ ಮಹಾರಾಷ್ಟ್ರದ ದೇವಗಡದ ತೀರ ಸೇರಿದ್ದರು. ಬಾರದೇ ಉಳಿದವರೂ ಇದ್ದರು, ಅವರನ್ನು ಮರೆತು ಮಾತಾಡುವುದು ಸರಿಯಲ್ಲ. ಆದರೆ ಮೊದಲ ಎರಡು ದಿನಗಳ ಮೌನ ಇಬ್ಬರ ಮನೆಯಲ್ಲೂ ಒಂದೇ ತರಹ ಇತ್ತು. ಯಾವುದು ಯಾರ ಮೌನ ಎಂದು ಅದನ್ನು ಕೇಳಿ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಗಾಳಿಸುದ್ದಿ

ಕನ್ನಡದಲ್ಲಿ ವದಂತಿಗೆ ಗಾಳಿಸುದ್ದಿ ಎನ್ನುತ್ತಾರೆ. ಚಂಡಮಾರುತದ ದಿನಗಳಲ್ಲಿ ಈ ಶಬ್ದದ ಸೊಗಸು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಗಾಳಿ ಬೀಸುವ ಮೊದಲೇ ಇಲ್ಲಿ ಸುದ್ದಿ ಬೀಸತೊಡಗುತ್ತದೆ. ಯಾವುದೋ ದೇಶದ, ಯಾವುದೋ ವರ್ಷದ ನೆರೆಯ ಚಿತ್ರವನ್ನು ಇವತ್ತಿನ ಮಸ್ಕತ್ ಎಂದು ಹಂಚುವುದು, ಇಂಥ ಕ್ಯಾಂಪಿನಲ್ಲಿ ಇಷ್ಟು ಮಂದಿ ಸತ್ತರಂತೆ ಎಂದು ಧ್ವನಿ ಸಂದೇಶ ಕಳಿಸುವುದು, ಕೊನೆಗೆ ಎಲ್ಲರಿಗೂ ಮುಟ್ಟಿಸಿ ಎಂದು ಸೇರಿಸುವುದು. ಕಳಿಸುವವನಿಗೆ ಬೆರಳಿನ ಕೆಲಸ. ಆ ಕ್ಯಾಂಪಿನಲ್ಲಿ ಮಗನಿರುವ ತಾಯಿಗೆ ಅದು ಎದೆಗೆ ಇಟ್ಟ ಬೆಂಕಿ.

ಯೂಸುಫ್ ಅಧ್ಯಾಯದಲ್ಲಿ ಇದಕ್ಕೆ ಒಂದು ಹಳೆಯ ಉದಾಹರಣೆಯಿದೆ. ಅಣ್ಣಂದಿರು ತಮ್ಮನನ್ನು ಬಾವಿಗೆ ಹಾಕಿ ಬಂದು, ತೋಳ ತಿಂದಿತೆಂದು ತಂದೆಗೆ ಹೇಳಿದರು. ಪುರಾವೆಯಾಗಿ ಸುಳ್ಳು ರಕ್ತ ಹಚ್ಚಿದ ಅಂಗಿಯನ್ನೂ ತಂದರು. ಕಣ್ಣೆದುರಿಗೆ ರಕ್ತವಿದೆ, ಅಂಗಿಯಿದೆ, ಸಾಕ್ಷಿ ಹೇಳಲು ಇಷ್ಟೊಂದು ಮಕ್ಕಳಿದ್ದಾರೆ. ಆದರೂ ಪ್ರವಾದಿ ಯಾಕೂಬರು(ಅ) ಅದನ್ನು ಒಪ್ಪಲಿಲ್ಲ. ಇದು ನಿಮ್ಮ ಮನಸ್ಸು ಕಟ್ಟಿದ ಕಥೆ ಎಂದರು, ಅಂದವಾದ ಸಹನೆಯನ್ನು ತಳೆದರು. ಇಂದು ನಮ್ಮ ಕೈಯಲ್ಲಿರುವ ಯಂತ್ರದೊಳಗೆ ದಿನಕ್ಕೆ ಎಷ್ಟು ರಕ್ತ ಹಚ್ಚಿದ ಅಂಗಿಗಳು ಬರುತ್ತವೆಂದು ನೀವೇ ಎಣಿಸಿ ನೋಡಿ.

ವರ್ಷಗಳು ಉರುಳಿದವು. ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದವು. ಹೀಗೆ ನೆನೆನೆನೆದು ಕರಗಿಹೋಗುವೆಯೆಂದು ಮಕ್ಕಳು ಗದರಿದರು. ನನ್ನ ಸಂಕಟವನ್ನು ನಾನು ತೋಡಿಕೊಳ್ಳುವುದು ಅಲ್ಲಾಹನ ಮುಂದೆ ಎಂಬ ಅರ್ಥದ ಉತ್ತರ ಕೊಟ್ಟವರು ಮರುಕ್ಷಣವೇ ಹೇಳಿದ್ದೇನು ಗೊತ್ತೇ? ಹೋಗಿ, ಯೂಸುಫನನ್ನೂ ಅವನ ಸಹೋದರನನ್ನೂ ಹುಡುಕಿ, ಅಲ್ಲಾಹನ ಕೃಪೆಯ ಬಗ್ಗೆ ನಿರಾಶರಾಗಬೇಡಿ ಎಂದು. ಮೂಸಾರ(ಅ) ತಾಯಿ ಮಗಳನ್ನು ಕಳಿಸಿದಳು, ಯಾಕೂಬರು(ಅ) ಮಕ್ಕಳನ್ನು ಕಳಿಸಿದರು. ಅಳುವುದು ಮತ್ತು ಹುಡುಕುವುದು ಎರಡೂ ಇಬ್ಬರಲ್ಲೂ ಒಟ್ಟಿಗೇ ಇದ್ದವು.

ಭಯದ ಅಥವಾ ಅಭಯದ ಸುದ್ದಿ ಬಂದ ಕೂಡಲೇ ಅದನ್ನು ಊರಿಡೀ ಹಬ್ಬಿಸುವವರನ್ನು ಅನ್ನಿಸಾ ಅಧ್ಯಾಯವು ಖಂಡಿಸಿದೆ. ಅದನ್ನು ತಿಳಿದವರ, ಹೊಣೆಯುಳ್ಳವರ ಮುಂದಿಟ್ಟಿದ್ದರೆ ಅವರು ಅದರ ನಿಜವನ್ನು ಹೆಕ್ಕಿ ತೆಗೆಯುತ್ತಿದ್ದರು ಎಂದು ದಾರಿಯನ್ನೂ ತೋರಿಸಿದೆ. ಅರಬ್ಬಿ ಸಮುದ್ರದ ಚಂಡಮಾರುತಗಳ ವಿಷಯದಲ್ಲಿ ತಿಳಿದವರು ಯಾರು? ದೆಹಲಿಯಲ್ಲಿರುವ ನಮ್ಮ ಭಾರತೀಯ ಹವಾಮಾನ ಇಲಾಖೆ. ಬಂಗಾಳಕೊಲ್ಲಿ, ಅರಬ್ಬಿ ಸಮುದ್ರಗಳ ಚಂಡಮಾರುತಗಳ ಜಾಡು ಹಿಡಿದು ಸುತ್ತಲ ದೇಶಗಳಿಗೆ, ಒಮಾನಿಗೂ ಸೇರಿ, ಸೂಚನೆ ಕೊಡುವ ಹೊಣೆ ಅದರದ್ದೇ. ಅದರ ಪ್ರಕಟಣೆಯಲ್ಲಿ ಗಾಳಿಯ ಕೇಂದ್ರ ಎಲ್ಲಿದೆ, ಎತ್ತ ಹೊರಟಿದೆ, ಎಷ್ಟು ವೇಗ ಎಂಬುದೆಲ್ಲ ಇರುತ್ತದೆ. ಅದರೊಂದಿಗೆ ಒಮಾನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಹವಾಮಾನ ಪ್ರಕಟಣೆ, ಮಸ್ಕತ್ತಿನ ಭಾರತೀಯ ರಾಯಭಾರ ಕಚೇರಿಯ ಸೂಚನೆ. ದಿನಕ್ಕೆ ಎರಡೋ ಮೂರೋ ಸಲ ಇಷ್ಟನ್ನು ನೋಡಿದರೆ ಧಾರಾಳವಾಯಿತು. ಟಿ.ವಿ.ಯಲ್ಲಿ ಒಂದೇ ಮರ ಬೀಳುವ ದೃಶ್ಯವನ್ನು ನಲವತ್ತು ಬಾರಿ ನೋಡಿದರೆ ನಲವತ್ತು ಮರ ಬಿದ್ದ ಸಂಕಟವಾಗುತ್ತದೆ.

ಕಾಯುವವರಿಗೂ ಅಲ್ಲಿರುವವರಿಗೂ

ಭೂಗೋಳ ತಿಳಿದಿರುವುದು ಅರ್ಧ ಔಷಧ. ಒಮಾನ್ ಎಂದರೆ ಒಂದೇ ಊರಲ್ಲ. ಸಲಾಲಾದಿಂದ ಮಸ್ಕತ್ತಿಗೆ ಸುಮಾರು ಸಾವಿರ ಕಿಲೋಮೀಟರ್. ಗೋನು ಮಸ್ಕತ್ತನ್ನು ಮುಳುಗಿಸುವಾಗ ಸಲಾಲಾದಲ್ಲಿದ್ದವರಿಗೆ ಅಪಾಯವಿರಲಿಲ್ಲ. 2018ರ ಮೇ ತಿಂಗಳಲ್ಲಿ ಮೆಕುನು ಬಂದಾಗ ಪೆಟ್ಟು ಬಿದ್ದದ್ದು ಸಲಾಲಾ ಕಡೆಗೆ. ನಿಮ್ಮ ಮಗ ಇರುವ ಊರಿನ, ಬೀದಿಯ ಹೆಸರು ನಿಮಗೆ ಗೊತ್ತಿದೆಯೇ? ಅವನ ಕಂಪೆನಿಯ ಹೆಸರು, ಕೋಣೆಯ ಗೆಳೆಯನ ಫೋನ್ ನಂಬರು, ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿದೆಯೇ? ಎಷ್ಟೋ ಮನೆಗಳಲ್ಲಿ ಮಗ ಕಳಿಸಿದ ಹಣದ ಲೆಕ್ಕ ಇರುತ್ತದೆ, ಮಗನ ವಿಳಾಸ ಇರುವುದಿಲ್ಲ.

ಪದೇ ಪದೇ ಫೋನು ಮಾಡಬೇಡಿ. ಅಲ್ಲಿ ಅವನ ಫೋನಿಗೆ ಚಾರ್ಜು ಮಾಡುವ ದಾರಿಯಿಲ್ಲದಿರಬಹುದು. ಮನೆಯ ಆರು ಮಂದಿ ಹತ್ತತ್ತು ಸಲ ಕರೆ ಮಾಡಿದರೆ ಸಹಾಯಕ್ಕೆ ಕರೆಯಬೇಕಾದ ಹೊತ್ತಿಗೆ ಅವನ ಫೋನು ಸತ್ತಿರುತ್ತದೆ. ಕರೆಗೆ ಬೇಕಾದಷ್ಟು ದಾರಿ ಸಂದೇಶಕ್ಕೆ ಬೇಡ. ಕರೆ ಹೋಗದ ಕಡೆ ಒಂದು ಸಾಲಿನ ಎಸ್.ಎಂ.ಎಸ್. ಎಷ್ಟೋ ಸಲ ಹೋಗಿ ಸೇರುತ್ತದೆ. ಮನೆಯಲ್ಲಿ ಒಬ್ಬರನ್ನು ಮಾತ್ರ ಗೊತ್ತುಮಾಡಿ, ಅವರೇ ವಿಚಾರಿಸಲಿ, ಉಳಿದವರಿಗೆ ಅವರೇ ತಿಳಿಸಲಿ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ ಎಂಬುದೂ ನೆನಪಿರಲಿ. ನಿಮ್ಮ ಐದೂವರೆ ಅವರ ನಾಲ್ಕು.

ಗಾಳಿ ನಿಂತಿತಂತೆ ಎಂಬ ಸುದ್ದಿ ಬಂದ ಕೂಡಲೇ ಅವನನ್ನು ಹೊರಗೆ ಹೋಗಿ ನೋಡಲು ಹೇಳಬೇಡಿ. ಚಂಡಮಾರುತದ ನಟ್ಟನಡುವೆ ಕಣ್ಣು ಎಂದು ಕರೆಯುವ ಶಾಂತ ಭಾಗವಿರುತ್ತದೆ. ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಮತ್ತೆ ಬಡಿಯುತ್ತದೆ. ಒಮಾನಿನಲ್ಲಂತೂ ಜೀವಕ್ಕೆ ಎರವಾಗುವುದು ಹೆಚ್ಚಾಗಿ ವಾದಿ. ಮಳೆ ನಿಂತ ಮೇಲೂ ಬೆಟ್ಟದ ನೀರು ಇಳಿಯುತ್ತಲೇ ಇರುತ್ತದೆ. ತುಂಬಿದ ವಾದಿಯನ್ನು ಕಾರಿನಲ್ಲಿ ದಾಟುವ ಸಾಹಸ ಮಾಡಬೇಡವೆಂದು ನಿಮ್ಮ ಒಂದು ಸಾಲಿನ ಸಂದೇಶದಲ್ಲಿ ಬರೆಯಿರಿ. ನಾವು ಅಳುತ್ತಿದ್ದೇವೆ ಎಂದು ಬರೆಯುವುದಕ್ಕಿಂತ ಇದು ಅವನಿಗೆ ಉಪಕಾರ.

ಪೋರ್ಟೊ ರಿಕೋದಲ್ಲಿ ಆ ಸಂಖ್ಯೆ 64ರಿಂದ 2,975ಕ್ಕೆ ಏರಿದ್ದು ಯಾಕೆ? ಗಾಳಿಯ ದಿನ ಸತ್ತವರಿಗಿಂತ ಬಳಿಕದ ತಿಂಗಳುಗಳಲ್ಲಿ ಸತ್ತವರೇ ಹೆಚ್ಚು. ವಿದ್ಯುತ್ತಿಲ್ಲ, ಮದ್ದಿಲ್ಲ, ಆಸ್ಪತ್ರೆಗೆ ದಾರಿಯಿಲ್ಲ. ವೃದ್ಧರೂ ರೋಗಿಗಳೂ ಸದ್ದಿಲ್ಲದೆ ಹೋದರು. ಕೆಲವು ಮನೆಗಳಿಗೆ ವಿದ್ಯುತ್ತು ಮರಳಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು. ಕ್ಷೇಮವಾಗಿದ್ದೇನೆ ಎಂಬ ಒಂದು ಮಾತು ಕೇಳಿದ ಮೇಲೆ ವಿಚಾರಣೆ ನಿಲ್ಲಿಸಿಬಿಡುವವರು ಇದನ್ನು ಗಮನಿಸಬೇಕು. ಸಕ್ಕರೆ ಕಾಯಿಲೆಯ ಮದ್ದು ಮುಗಿದಿದೆಯೇ, ಕುಡಿಯುವ ನೀರು ಸಿಗುತ್ತಿದೆಯೇ, ಸಂಬಳ ನಿಂತಿದೆಯೇ ಎಂದು ಮೂರನೆಯ ವಾರ ಕೇಳುವವರು ಯಾರು?

ದೂರದಲ್ಲಿರುವ ಸಹೋದರರಿಗೂ ಒಂದು ಮಾತು. ನಿಮಗೆ ಗಾಳಿಮಳೆ ಕಣ್ಣೆದುರಿಗೇ ಇದೆ, ಅದರ ಅಳತೆ ನಿಮಗೆ ಗೊತ್ತಿದೆ. ಮನೆಯವರಿಗೆ ಅಳತೆಯೇ ಇಲ್ಲ. ಗಾಳಿ ಬರುವ ಮುಂಚೆಯೇ ತಿಳಿಸಿಡಿ: ನಾಳೆ ಫೋನು ಹೋಗಲಿಕ್ಕಿಲ್ಲ, ಎರಡು ದಿನ ಸುದ್ದಿ ಬಾರದಿದ್ದರೆ ಹೆದರಬೇಡಿ, ನಾನು ಇಂಥವರ ಮಹಡಿಯಲ್ಲಿರುತ್ತೇನೆ. ಈ ಮೂರು ಮಾತು ಆ ಎರಡು ದಿನಗಳನ್ನು ಬೇರೆಯೇ ದಿನಗಳನ್ನಾಗಿ ಮಾಡುತ್ತವೆ. ಗೆಳೆಯನ ಫೋನಿನಿಂದಾದರೂ ಮೊದಲ ಅವಕಾಶದಲ್ಲೇ ಮನೆಗೆ ತಿಳಿಸಿ. ತಾಯಿತಂದೆಯರ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಪ್ರವಚನ ಕೇಳುವ ನಾವು, ಎರಡು ಪದಗಳ ಈ ಹಕ್ಕನ್ನು ಮರೆಯುವುದುಂಟು.

ಪ್ರಾರ್ಥನೆಯ ವಿಷಯವನ್ನು ನಾನು ಕೊನೆಗೆ ಇಟ್ಟಿರುವುದು ಅದು ಕೊನೆಯ ಕೆಲಸವೆಂದಲ್ಲ. ಅದನ್ನು ಯಾರೂ ಹೇಳದೆಯೇ ನೀವು ಮಾಡುತ್ತೀರೆಂದು ಗೊತ್ತಿದೆ. ತಾಯಿತಂದೆ ಮಕ್ಕಳಿಗಾಗಿ ಮಾಡುವ ಪ್ರಾರ್ಥನೆ, ಪ್ರಯಾಣಿಕನ ಪ್ರಾರ್ಥನೆ ಎರಡೂ ಸ್ವೀಕೃತವೆಂದು ಹದೀಸ್‌ಗಳಲ್ಲಿ ಬಂದಿದೆ. ಇಲ್ಲಿ ನೀವು, ಅಲ್ಲಿ ಅವನು, ಎರಡೂ ತುದಿಯಿಂದ ಕೈಗಳು ಏಳಲಿ. ಬೆನ್ನ ಹಿಂದೆ ಸಹೋದರನಿಗಾಗಿ ಬೇಡಿಕೊಳ್ಳುವವನಿಗೆ ಅಷ್ಟೇ ನಿನಗೂ ಸಿಗಲಿ ಎಂದು ಮಲಕ್ ಹಾರೈಸುವರೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆದ್ದರಿಂದ ಪ್ರಾರ್ಥಿಸುವಾಗ ನಿಮ್ಮ ಮಗನ ಹೆಸರಿನ ಜೊತೆ ಅವನ ಕೋಣೆಯಲ್ಲಿರುವ ಬಂಗಾಳದ, ಕೇರಳದ, ಪಾಕಿಸ್ತಾನದ ಹುಡುಗರನ್ನೂ ಸೇರಿಸಿ. ಅವರ ತಾಯಂದಿರೂ ಇದೇ ರಾತ್ರಿಯನ್ನು ಕಳೆಯುತ್ತಿದ್ದಾರೆ.

ಕೆಲವೊಮ್ಮೆ ಬರುವ ಸುದ್ದಿ ಕೆಟ್ಟದ್ದೇ ಆಗಿರುತ್ತದೆ. ನೀರಿನಲ್ಲಿ ಮುಳುಗಿ ಮೃತನಾದ ಸತ್ಯವಿಶ್ವಾಸಿ ಹುತಾತ್ಮರ ಸಾಲಿನಲ್ಲಿದ್ದಾನೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಆದರೆ ಅದನ್ನು ಮೊದಲ ಗಳಿಗೆಯಲ್ಲೇ ತಾಯಿಯ ಕಿವಿಗೆ ಹಾಕಲು ಅವಸರಪಡಬೇಡಿ. ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರೇ(ಸ) ಕಣ್ಣೀರಿಟ್ಟಿದ್ದಾರೆ. ಆಕೆ ಮೊದಲು ಅಳಲಿ.

ಇನ್ನು, ನಿಮ್ಮ ಫೋನು ಮೊದಲು ಬಂತೆಂದುಕೊಳ್ಳಿ. ಮಗ ಕ್ಷೇಮ. ಅಲ್‌ಹಮ್ದುಲಿಲ್ಲಾಹ್. ಎರಡು ರಕಅತ್ ನಮಾಝ್ ಮಾಡಿ, ಆದರೆ ಕೇರಿಗೆಲ್ಲ ಕೇಳುವಂತೆ ಸಂಭ್ರಮಿಸುವ ಮುನ್ನ ಒಮ್ಮೆ ಪಕ್ಕದ ಮನೆಯ ಬಾಗಿಲ ಕಡೆ ನೋಡಿ. ಆ ಮನೆಯ ಹುಡುಗನೂ ಅಲ್ಲೇ ಇದ್ದಾನೆ, ಅವನ ಸುದ್ದಿ ಇನ್ನೂ ಬಂದಿಲ್ಲ. ಹೋಗಿ ಅವನ ತಾಯಿಯ ಬಳಿ ಕುಳಿತುಕೊಳ್ಳಿ. ಹುಡುಗ ಯಾವ ಊರಿನಲ್ಲಿ, ಯಾವ ಕಂಪೆನಿಯ ಕ್ಯಾಂಪಿನಲ್ಲಿ ಇದ್ದಾನೆಂದು ಕೇಳಿ ಒಂದು ಕಾಗದದಲ್ಲಿ ಬರೆದುಕೊಳ್ಳಿ. ನಿಮ್ಮ ಮಗನಿಗೆ ಅದನ್ನು ಸಂದೇಶದಲ್ಲಿ ಕಳಿಸಿ, ದಾರಿ ತೆರೆದ ಮೇಲೆ ಹೋಗಿ ನೋಡಿ ಬರಲು ಹೇಳಿ.